ರಾತ್ರಿ ಗಸ್ತು ಹೆಚ್ಚಿಸಿದರೆ ಕಳ್ಳತನ ನಿಲ್ಲುತ್ತದಾ? ಖರ್ಚಿಗೆ ತಕ್ಕ ಫಲ ಇದೆಯಾ?

ಬಡಾವಣೆ_ನಿವಾಸಿ:
ಬೆಂಗಳೂರಿನ ಹೊರವಲಯದ ಬಡಾವಣೆ. ಬೀಗ ಹಾಕಿದ ಮನೆಗಳ ಕಳವು, ಸರಗಳವು ಎರಡೂ ಇವೆ. ಪೊಲೀಸರ ಇನ್ನೊಂದು ಹೊಯ್ಸಳ ಗಸ್ತು ಗಾಡಿ ಕೊಡಿ ಅಂತ ಮನವಿ ಕೊಡಲು ಸಂಘದಲ್ಲಿ ಒತ್ತಾಯ. ಗಸ್ತಿನಿಂದ ಅಪರಾಧ ತಗ್ಗುತ್ತದೆ ಅನ್ನೋದಕ್ಕೆ ಆಧಾರ ಇದೆಯಾ, ಇಲ್ಲಾ ಬರೀ ಮನಸ್ಸಿಗೆ ಸಮಾಧಾನವಾ?

ಬೀಟ್_ಲೆಕ್ಕ:
ಸುಮ್ಮನೆ ಸುತ್ತುವ ಗಾಡಿಯಿಂದ ಹೆಚ್ಚೇನೂ ಆಗಲ್ಲ. 1972–73ರಲ್ಲಿ ಅಮೆರಿಕದ ಕನ್ಸಾಸ್ ಸಿಟಿಯಲ್ಲಿ 15 ಬೀಟ್‌ಗಳನ್ನು (ಗಸ್ತಿಗೆ ಹಂಚಿದ ಪ್ರದೇಶಗಳು) ಮೂರು ಪಾಲು ಮಾಡಿದರು. ಐದರಲ್ಲಿ ಗಸ್ತೇ ಇಲ್ಲ, ಕರೆ ಬಂದರೆ ಮಾತ್ರ ಗಾಡಿ. ಐದರಲ್ಲಿ ಎರಡು-ಮೂರು ಪಟ್ಟು ಗಸ್ತು. ಉಳಿದ ಐದು ಮೊದಲಿದ್ದಂತೆ. ಅಪರಾಧದಲ್ಲಾಗಲಿ ಜನರ ಭಯದಲ್ಲಾಗಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಸಿಗಲಿಲ್ಲ.

ಲೆಕ್ಕ ಹಾಕಿದರೆ ಕಾರಣ ಗೊತ್ತಾಗುತ್ತೆ. ಠಾಣೆ ವ್ಯಾಪ್ತಿಯಲ್ಲಿ 100 ಕಿ.ಮೀ. ರಸ್ತೆ ಇದೆ ಅಂದುಕೊಳ್ಳಿ. ಗಂಟೆಗೆ 20 ಕಿ.ಮೀ. ವೇಗದಲ್ಲಿ ಎಲ್ಲೂ ನಿಲ್ಲದೆ ಸುತ್ತಿದರೂ ಅದೇ ಮನೆ ಮುಂದೆ ಮತ್ತೆ ಬರಲು 5 ಗಂಟೆ. ಕಳ್ಳನ ಕೆಲಸ 10 ನಿಮಿಷದ್ದು ಅಂದರೆ, ಆ ಹೊತ್ತಿಗೇ ಗಾಡಿ ಹಾದುಹೋಗುವ ಸಾಧ್ಯತೆ 30ಕ್ಕೆ 1. ಹಾದರೂ, ಹಿಂಬಾಗಿಲ ಚಿಲಕ ಮೀಟುತ್ತಿರುವವನು ರಸ್ತೆಗೆ ಕಾಣಲ್ಲ. ಗಾಡಿಯ ಮೇಲಿನ ದೀಪ ಮಾತ್ರ ಅವನಿಗೆ ದೂರದಿಂದಲೇ ಕಾಣುತ್ತೆ.

ಇನ್ನು ಖರ್ಚು. ವರ್ಷಕ್ಕೆ 8,760 ಗಂಟೆ. ವಾರದ ರಜೆ, ಸಾಂದರ್ಭಿಕ ರಜೆ (ಸಿಎಲ್), ಗಳಿಕೆ ರಜೆ (ಇಎಲ್), ಕೋರ್ಟ್ ಡ್ಯೂಟಿ ಕಳೆದು ಒಬ್ಬರು 260 ದಿನ, ದಿನಕ್ಕೆ 8 ಗಂಟೆ ಸಿಗುತ್ತಾರೆ ಅಂತ ಹಿಡಿದರೆ 2,080 ಗಂಟೆ. ಒಂದು ಸೀಟು ಸದಾ ತುಂಬಿರಲು 4.2 ಜನ ಬೇಕು. ಗಾಡಿಯಲ್ಲಿ ಇಬ್ಬರಿದ್ದರೆ 8–9 ಜನ. ಎಲ್ಲರೂ ಡೀಸೆಲ್ ಬಗ್ಗೆ ಮಾತಾಡ್ತಾರೆ, ದುಡ್ಡು ಹೋಗೋದು ಸಂಬಳಕ್ಕೆ.

ನಡಿಗೆ_ಗಸ್ತು:
ಕನ್ಸಾಸ್ ಸಿಟಿ ಹೆಸರೆತ್ತಿ ಗಸ್ತೇ ದಂಡ ಅನ್ನೋದು ಅತಿಯಾಯ್ತು. ಗಸ್ತಿಲ್ಲದ ಬೀಟ್‌ಗೂ ಕರೆ ಬಂದಾಗ ಗಾಡಿ ಹೋಗುತ್ತಿತ್ತಲ್ಲ, ಅಲ್ಲಿ ಪೊಲೀಸರಿಲ್ಲ ಅಂತ ಕಳ್ಳನಿಗೆ ಗೊತ್ತಾಗೋದು ಹೇಗೆ? 1969ರ ಅಕ್ಟೋಬರ್ 7ರಂದು ಕೆನಡಾದ ಮಾಂಟ್ರಿಯಲ್ ಪೊಲೀಸರು ಮುಷ್ಕರಕ್ಕೆ ಕೂತಾಗ ಬ್ಯಾಂಕ್ ದರೋಡೆ, ಅಂಗಡಿ ಲೂಟಿ ಎಲ್ಲ ಆಯ್ತು.

ಎಲ್ಲಿ, ಎಷ್ಟು ಹೊತ್ತು ಅನ್ನೋದೇ ಮುಖ್ಯ. 1988–89ರಲ್ಲಿ ಅಮೆರಿಕದ ಮಿನಿಯಾಪೊಲಿಸ್‌ನಲ್ಲಿ ಅಪರಾಧ ಗುಂಪುಗೂಡುವ 110 ಜಾಗ ಆರಿಸಿ ಅರ್ಧಕ್ಕೆ ಮಾತ್ರ ಹೆಚ್ಚು ಗಸ್ತು ಕೊಟ್ಟರು. ಅಲ್ಲಿ ಅಪರಾಧದ ಕರೆಗಳು 6–13% ಇಳಿದವು. ಪೊಲೀಸರು 10–15 ನಿಮಿಷ ನಿಂತು ಹೋದರೆ, ಹೋದ ಮೇಲೂ ಕೆಲ ಹೊತ್ತು ಜಾಗ ತಣ್ಣಗಿರುತ್ತದೆ. 15 ದಾಟಿದರೆ ಹೆಚ್ಚುವರಿ ಲಾಭ ಕಡಿಮೆಯಾಗುತ್ತಾ ಬರುತ್ತದೆ. 2009ರಲ್ಲಿ ಫಿಲಡೆಲ್ಫಿಯಾದ 60 ಜಾಗಗಳಲ್ಲಿ ನಡಿಗೆ ಗಸ್ತು ಹಾಕಿದಾಗ ಹಿಂಸಾ ಅಪರಾಧ 23% ಕಡಿಮೆಯಾಯಿತು. ಗಸ್ತು ತೆಗೆದ ಮೇಲೆ ಆ ಲಾಭ ಉಳಿಯಲಿಲ್ಲ.

ಬಡಾವಣೆ_ನಿವಾಸಿ:
ಹಾಗಿದ್ದರೆ ಗೇಟಿನ ಹತ್ತಿರ ಕಾಯಂ ಚೌಕಿ ಹಾಕಿಸಿದರೆ ಹೇಗೆ ಸರ್?

ನಡಿಗೆ_ಗಸ್ತು:
ಚೌಕಿಯ ಕಣ್ಣಳತೆಯಲ್ಲಷ್ಟೇ ಲಾಭ. 1994ರ ಜುಲೈನಲ್ಲಿ ಅರ್ಜೆಂಟೀನಾದ ಬ್ಯೂನಸ್ ಐರಿಸ್‌ನ ಯಹೂದಿ ಕೇಂದ್ರದ ಮೇಲೆ ಬಾಂಬ್ ದಾಳಿ ಆದಮೇಲೆ ಯಹೂದಿ ಸಂಸ್ಥೆಗಳ ಮುಂದೆಲ್ಲ ಪೊಲೀಸರನ್ನು ನಿಲ್ಲಿಸಿದರು. ಆ ಸಂಸ್ಥೆಗಳಿದ್ದ ಬ್ಲಾಕ್‌ಗಳಲ್ಲಿ ಕಾರು ಕಳ್ಳತನ ಸುಮಾರು 75% ಕುಸಿಯಿತು. ಎರಡು ಬ್ಲಾಕ್ ಆಚೆಗೆ ಏನೂ ಇಲ್ಲ. ನಮ್ಮ ರಾಜಸ್ಥಾನದಲ್ಲೂ ಅಷ್ಟೇ: ಕುಡಿದು ಓಡಿಸುವವರನ್ನು ಹಿಡಿಯಲು ಜಾಗ ಬದಲಿಸುತ್ತಾ ತಪಾಸಣೆ ಮಾಡಿದ ಕಡೆ ರಾತ್ರಿ ಅಪಘಾತ 17%, ಸಾವು 25% ಇಳಿದವು. ಒಂದೇ ಜಾಗದಲ್ಲಿ ನಿಂತ ಕಡೆ ಪರಿಣಾಮ ಕಾಣಲಿಲ್ಲ.

ಬೀಟ್_ಲೆಕ್ಕ:
ಇದನ್ನು ಒಪ್ಪುತ್ತೇನೆ. ಹಾಗಾಗಿ ಗಾಡಿ ಕೇಳಬೇಡಿ, ನಿಮಿಷ ಕೇಳಿ. ಹಿಂದಿನ 12 ತಿಂಗಳ ಎಫ್‌ಐಆರ್, 112 ಕರೆಗಳನ್ನು ಜಾಗ ಮತ್ತು ಗಂಟೆ ಪ್ರಕಾರ ನಕ್ಷೆಯಲ್ಲಿ ಗುರುತಿಸಲು ಇನ್‌ಸ್ಪೆಕ್ಟರ್ ಅವರನ್ನು ಕೋರಿ. ಸರಗಳವು ಬೆಳಗಿನ ವಾಕಿಂಗ್ ಹೊತ್ತಿಗೆ, ಮುಖ್ಯರಸ್ತೆಗೆ ಬೈಕ್ ಜಾರಿಕೊಳ್ಳುವ ಅಡ್ಡರಸ್ತೆಗಳಲ್ಲಿ ಬೀಳುತ್ತಿದ್ದರೆ ರಾತ್ರಿ 2ರ ಗಸ್ತು ಅದಕ್ಕೇನೂ ಮಾಡದು. ಅಂಥ ನಾಲ್ಕೈದು ತಿರುವುಗಳಲ್ಲಿ 15 ನಿಮಿಷ, ದಿನಾ ಕ್ರಮ ಬದಲಿಸಿ, ಗಾಡಿಯಿಂದ ಇಳಿದು ನಿಲ್ಲಬೇಕು.

ಕೆಡುವುದು ಇಲ್ಲಿ: ಗೊತ್ತಾದ ಜಾಗಗಳಲ್ಲಿಟ್ಟ ಪಾಯಿಂಟ್ ಬುಕ್‌ಗೆ ಸಹಿಯೋ, ಅಲ್ಲಿ ಬಂದದ್ದಕ್ಕೆ ಗುರುತಾಗಿ ಇ-ಬೀಟ್ ಸ್ಕ್ಯಾನೋ ಆದರೆ ಸಾಕು ಅಂತ ಪೇದೆ ಪಾಯಿಂಟಿಂದ ಪಾಯಿಂಟಿಗೆ ಓಡುತ್ತಾರೆ. ದಾಖಲೆಯಲ್ಲಿ ಗಸ್ತು ಪೂರ್ತಿ, ಬೀದಿಯಲ್ಲಿ ಅರೆ ನಿಮಿಷ. ಸ್ಕ್ಯಾನ್‌ನಲ್ಲಿ ಬಂದ ಸಮಯದ ಜೊತೆ ಹೋದ ಸಮಯವೂ ಇರಲಿ. ಗಣೇಶನ ಬಂದೋಬಸ್ತ್ ಬಂದರೆ ಬೀಟ್ ಖಾಲಿ, ಅದನ್ನೂ ಬರೆದಿಡಿ.

ಬೀಗ ಹಾಕಿದ ಮನೆಗಳಿಗೆ ಗಸ್ತು ಕೊನೆಯ ಅಸ್ತ್ರ. ಊರಿಗೆ ಹೋಗುವವರು ಠಾಣೆಗೆ ತಿಳಿಸಲಿ, ಹಿಂಬಾಗಿಲಿಗೆ ಕಬ್ಬಿಣದ ಗ್ರಿಲ್ ಹಾಕಿಸಲಿ, ಪೇಪರ್-ಹಾಲು ನಿಲ್ಲಿಸಲಿ.

90 ದಿನ ಆದಮೇಲೆ ಎಫ್‌ಐಆರ್ ಸಂಖ್ಯೆ ಒಂದನ್ನೇ ನೋಡಬೇಡಿ. ಪೊಲೀಸರು ಕಣ್ಣಿಗೆ ಬಿದ್ದರೆ ದೂರು ಕೊಡುವವರೂ ಹೆಚ್ಚುತ್ತಾರೆ. ಮತ್ತೆ, ವರ್ಷಕ್ಕೆ 6 ಕಳವಿದ್ದದ್ದು 3 ಆದರೆ ಅದು ಗಸ್ತಿನಿಂದಲೋ ಅದೃಷ್ಟದಿಂದಲೋ ಹೇಳಲಾಗದು. ಒಂದು ಬಡಾವಣೆ ಸಾಲದು, ಅಕ್ಕಪಕ್ಕದ ಠಾಣೆಗಳದ್ದೂ ಸೇರಿಸಿ 20–30 ಜಾಗ ಆರಿಸಿ, ಚೀಟಿ ಎತ್ತಿ ಅರ್ಧಕ್ಕೆ ಮಾತ್ರ ಗಸ್ತು ಕೊಟ್ಟು, 112 ಕರೆಗಳನ್ನು ಹೋಲಿಸಬೇಕು.