ತುಮಕೂರಿನಲ್ಲಿ ನಾಳೆಯಿಂದ ಜಿಮ್ ತೆಗೆಯಬಹುದಂತೆ. ತೆಗೆಯಲಾ, ಬೇಡವಾ?

ಮೊದಲನೇ ಮಹಡಿ (ಪ್ರಶ್ನೆ ಕೇಳಿದವರು), ಜೂನ್ 20, 2021

ಎಲ್ಲರಿಗೂ ನಮಸ್ಕಾರ. ನನ್ನದು ತುಮಕೂರಿನ ಎಸ್.ಎಸ್. ಪುರಂ ಕಡೆ ಒಂದು ಸಣ್ಣ ಜಿಮ್. ಕೆಳಗೆ ಹಾರ್ಡ್‌ವೇರ್ ಅಂಗಡಿ, ಮೇಲೆ 20ಕ್ಕೆ 40 ಅಡಿಯ ಒಂದೇ ಹಾಲ್. ಕೊರೊನಾ ಎರಡನೇ ಅಲೆಗೆ ಏಪ್ರಿಲ್‌ನಲ್ಲಿ ಎಳೆದ ಶಟರ್ ಇನ್ನೂ ಎತ್ತಿಲ್ಲ. ಈಗ ಪಾಸಿಟಿವಿಟಿ, ಅಂದರೆ ಟೆಸ್ಟ್ ಮಾಡಿಸಿದವರಲ್ಲಿ ಪಾಸಿಟಿವ್ ಬಂದವರ ಪಾಲು, ಶೇ. 5ಕ್ಕಿಂತ ಕಡಿಮೆ ಇರುವ ಜಿಲ್ಲೆಗಳಲ್ಲಿ ನಾಳೆಯಿಂದ ಎ.ಸಿ. ಹಾಕದೆ ಅರ್ಧ ಜನಕ್ಕೆ ಜಿಮ್ ನಡೆಸಬಹುದು ಅಂತ ಸರ್ಕಾರ ಹೇಳಿದೆ. ತುಮಕೂರು ಆ ಪಟ್ಟಿಯಲ್ಲಿದೆ. ಕೋಲಾರ, ಚಿಕ್ಕಬಳ್ಳಾಪುರವೂ ಇವೆ.

ಖುಷಿ ಆಗಬೇಕಿತ್ತು, ಆಗುತ್ತಿಲ್ಲ. ಮೂರು ವರ್ಷದಿಂದ ನನ್ನ ಹತ್ತಿರ ಬರುತ್ತಿದ್ದ ಒಬ್ಬ ಹುಡುಗನ ಅಪ್ಪ ಮೇ ತಿಂಗಳಲ್ಲಿ ಹೋಗಿಬಿಟ್ಟರು. ಅವರ ಮನೆಗೆ ಸೋಂಕು ಎಲ್ಲಿಂದ ಬಂತು ಅಂತ ಯಾರಿಗೂ ಗೊತ್ತಿಲ್ಲ. ಆದರೆ ಏಪ್ರಿಲ್‌ನಲ್ಲಿ ಅರ್ಧ ಜನಕ್ಕೆ ಅಂತ ತೆರೆದಿದ್ದಾಗ ಅವನು ದಿನಾ ಬಂದಿದ್ದಾನೆ. ಹುಡುಗ ನನ್ನ ಮೇಲೆ ಒಂದು ಮಾತೂ ಆಡಿಲ್ಲ, ಅದೇ ಜಾಸ್ತಿ ಚುಚ್ಚುತ್ತದೆ.

ಇನ್ನೊಂದು ಕಡೆ ಬಾಡಿಗೆ, ಟ್ರೆಡ್‌ಮಿಲ್ ಸಾಲದ ಕಂತು. ನನ್ನ ಕೋಚ್ ಈಗ ಎ.ಪಿ.ಎಂ.ಸಿ. ಯಾರ್ಡ್‌ನಲ್ಲಿ ಮೂಟೆ ಇಳಿಸುತ್ತಿದ್ದಾನೆ. ಫೋನ್ ಮಾಡಿದರೆ "ಡೆಡ್‌ಲಿಫ್ಟ್ ಬಿಟ್ಟಿಲ್ಲ ಅಣ್ಣ" ಅಂತ ನಗುತ್ತಾನೆ. ನಿನ್ನೆ ಹೋಗಿ ಬಾಗಿಲು ತೆಗೆದೆ. ರಾಡುಗಳ ಮೇಲೆ ತುಕ್ಕು, ಬೆಂಚಿನ ಮೇಲೆ ಇಲಿ ಹಿಕ್ಕೆ, ಆಂಜನೇಯನ ಫೋಟೋಗೆ ಹಾಕಿದ್ದ ಹಾರ ಮುಟ್ಟಿದರೆ ಪುಡಿ.

ಐದು ಲೀಟರ್ ಸ್ಯಾನಿಟೈಸರ್, ಜ್ವರ ನೋಡುವ ಗನ್, ರಕ್ತದಲ್ಲಿ ಆಕ್ಸಿಜನ್ ಎಷ್ಟಿದೆ ಅಂತ ಬೆರಳಿಗೆ ಹಾಕಿ ನೋಡುವ ಒಂದು ಆಕ್ಸಿಮೀಟರ್ ತಂದಿಟ್ಟಿದ್ದೇನೆ. ಕಳೆದ ವರ್ಷ ಆಗಸ್ಟ್‌ನಲ್ಲಿ ಕೇಂದ್ರ ಕೊಟ್ಟ ನಿಯಮದ ಪ್ರಕಾರ ಒಬ್ಬರಿಗೆ 4 ಚದರ ಮೀಟರ್ ಜಾಗ ಬೇಕು. ನನ್ನ ಹಾಲ್ ಸುಮಾರು 74 ಚದರ ಮೀಟರ್, ಅಂದರೆ ಲೆಕ್ಕಕ್ಕೆ 18 ಜನ ಹಿಡಿಯುತ್ತಾರೆ. ಇಷ್ಟು ಮಾಡಿದರೆ ಸಾಕಾ? ಅಥವಾ ಇನ್ನೊಂದು ತಿಂಗಳು ಸುಮ್ನೆ ಇದ್ದುಬಿಡಲಾ? ಗೊತ್ತಿರುವವರು ಹೇಳಿ, ಬೈಯುವವರು ಬೈಯಿರಿ, ಪರವಾಗಿಲ್ಲ.


ಕ್ಯಾತ್ಸಂದ್ರ ಕ್ರಾಸ್

ತೆಗಿ ಗುರು, ಅದಕ್ಕೇನು ಇಷ್ಟು ಯೋಚನೆ. ಏಪ್ರಿಲ್ 2ನೇ ತಾರೀಖು ಜಿಮ್ ಮುಚ್ಚಿ ಅಂದರು. ಗಲಾಟೆ ಆದ ಮೇಲೆ ಮಾರನೇ ದಿನವೇ ಅರ್ಧ ಜನಕ್ಕೆ ತೆಗೀರಿ ಅಂದರು. ಒಂದೇ ರಾತ್ರಿಯಲ್ಲಿ ವೈರಸ್ ಮನಸ್ಸು ಬದಲಾಯಿಸಿತಾ? ವೈನ್ ಶಾಪ್ ಮುಂದೆ ಕ್ಯೂ ನಿಂತಾಗ ಇಲ್ಲದ ಭಯ ಡಂಬಲ್ ಎತ್ತುವಾಗ ಮಾತ್ರ ಯಾಕೆ ಅಂತ ನನಗೆ ಇವತ್ತಿಗೂ ಅರ್ಥ ಆಗಿಲ್ಲ.

ಸುಮ್ನೆ ಬಾಯಿಗೆ ಬಂದದ್ದು ಹೇಳುತ್ತಿಲ್ಲ. ನಾರ್ವೆ ದೇಶದ ಓಸ್ಲೋದಲ್ಲಿ 2020ರ ಮೇ-ಜೂನ್‌ನಲ್ಲಿ ಇದನ್ನೇ ಪರೀಕ್ಷೆ ಮಾಡಿ ನೋಡಿದ್ದಾರೆ. ಐದು ಜಿಮ್, 3,764 ಜನ. ಲಾಟರಿ ಎತ್ತಿದ ಹಾಗೆ ಅರ್ಧ ಜನಕ್ಕೆ ಜಿಮ್‌ಗೆ ಹೋಗಿ ಅಂದರು, ಉಳಿದ ಅರ್ಧಕ್ಕೆ ಬೇಡ ಅಂದರು. ಆಮೇಲೆ ಟೆಸ್ಟ್ ಮಾಡಿದರೆ ಎರಡು ಗುಂಪಿಗೂ ವ್ಯತ್ಯಾಸವೇ ಇರಲಿಲ್ಲ. ಜಿಮ್‌ನಿಂದ ಹರಡಿದ ಒಂದು ಕೇಸೂ ಸಿಗಲಿಲ್ಲ. ದೂರ ನಿಂತರು, ಕೈ ತೊಳೆದರು, ಮುಗೀತು. ನೀವೂ ಅಷ್ಟು ಮಾಡಿ.


ಬಿಳಿ ಚಪ್ಪಲಿ

ನಾನು ಸ್ಟಾಫ್ ನರ್ಸ್. ಎರಡನೇ ಅಲೆ ಪೂರ್ತಿ ಕೋವಿಡ್ ವಾರ್ಡ್‌ನಲ್ಲೇ ಕಳೆದೆ. ಯಾವ ಆಸ್ಪತ್ರೆ ಅಂತ ಕೇಳಬೇಡಿ.

ಮೇಲಿನ ಅಣ್ಣ ಹೇಳಿದ ಓಸ್ಲೋ ವಿಷಯ ನಿಜ, ಆದರೆ ಅರ್ಧ ಮಾತ್ರ ಹೇಳಿದ್ದಾರೆ. ಆ ಹೊತ್ತಿಗೆ ಓಸ್ಲೋದಲ್ಲಿ ಕೇಸೇ ಬಹಳ ಕಡಿಮೆ ಇತ್ತು. ಒಳಗೆ ಬರುವವರಲ್ಲಿ ಯಾರಿಗೂ ಇಲ್ಲದಿದ್ದರೆ ಹರಡುವುದು ಎಲ್ಲಿಂದ? ಮಳೆಯಿಲ್ಲದ ದಿನ ಛತ್ರಿ ತೂತಿದೆಯಾ ಅಂತ ನೋಡಿದ ಹಾಗೆ ಅದು.

ಇನ್ನೆರಡು ಕಥೆ ಕೇಳಿ. ದಕ್ಷಿಣ ಕೊರಿಯಾದ ಚೆಯೊನಾನ್ ಊರಿನಲ್ಲಿ 2020ರ ಫೆಬ್ರವರಿಯಲ್ಲಿ ಡ್ಯಾನ್ಸ್ ಫಿಟ್‌ನೆಸ್ ಹೇಳಿಕೊಡುವವರೆಲ್ಲ ಒಂದು ವರ್ಕ್‌ಶಾಪ್‌ಗೆ ಸೇರಿದರು. ಅಲ್ಲಿಂದ ಹೊತ್ತುಕೊಂಡು ಹೋಗಿ 12 ಕಡೆಯ ಕ್ಲಾಸುಗಳಲ್ಲಿ ಹಂಚಿದರು, 24 ದಿನದಲ್ಲಿ 112 ಕೇಸ್. ಕೋಣೆ ಸುಮಾರು 60 ಚದರ ಮೀಟರ್, ಒಳಗೆ 5ರಿಂದ 22 ಜನ, 50 ನಿಮಿಷ ಕುಣಿತ. ನಿಮ್ಮ ಹಾಲಿಗಿಂತ ಸ್ವಲ್ಪ ಚಿಕ್ಕದು ಅಷ್ಟೇ. ಐದು ಜನಕ್ಕಿಂತ ಕಡಿಮೆ ಇದ್ದ ಕ್ಲಾಸುಗಳಲ್ಲಿ ಯಾರಿಗೂ ಬರಲಿಲ್ಲ. ಎರಡನೆಯದು ಅಮೆರಿಕದ ಚಿಕಾಗೋ, ಕಳೆದ ಆಗಸ್ಟ್ ಕೊನೆಯದು. ಅಲ್ಲಿ ಅರ್ಧವೂ ಅಲ್ಲ, ಕಾಲು ಭಾಗ ಜನ. ಆರಡಿ ದೂರ, ಬಾಗಿಲಲ್ಲಿ ಜ್ವರ ನೋಡುವುದು, ಎಲ್ಲ ಇತ್ತು. ಆದರೂ 81 ಜನರಲ್ಲಿ 55 ಜನಕ್ಕೆ ಬಂತು. ವ್ಯಾಯಾಮ ಶುರುವಾದ ಮೇಲೆ ಹೆಚ್ಚಿನವರು ಮಾಸ್ಕ್ ತೆಗೆದಿಡುತ್ತಿದ್ದರು, ಮೈ ಸರಿಯಿಲ್ಲ ಅಂತ ಗೊತ್ತಾದ ಮೇಲೂ ಬಂದವರಿದ್ದರು.

ಅರ್ಥ ಇಷ್ಟೇ. ಸುಮ್ನೆ ಕೂತಾಗ ನಾವು ನಿಮಿಷಕ್ಕೆ ಆರೇಳು ಲೀಟರ್ ಗಾಳಿ ಎಳೆದು ಬಿಡುತ್ತೇವೆ. ಜೋರಾಗಿ ಓಡಿದಾಗ ಅದೇ 50, ಗಟ್ಟಿ ಆಳಾದರೆ 100 ಲೀಟರ್ ಮುಟ್ಟುತ್ತದೆ. ಒಬ್ಬ ಟ್ರೆಡ್‌ಮಿಲ್ ಹತ್ತಿದರೆ ಏಳೆಂಟು ಜನ ಕೂತ ಹಾಗೆ ಲೆಕ್ಕ. ನಿಮ್ಮ 18 ಜನದ ಲೆಕ್ಕ ನೆಲ ಅಳೆದು ಬಂದದ್ದು, ಗಾಳಿ ಅಳೆದು ಬಂದದ್ದಲ್ಲ. ಸ್ಯಾನಿಟೈಸರ್ ಇರಲಿ, ಬೆವರು ಒರೆಸುವುದು ಹೇಗಿದ್ದರೂ ಒಳ್ಳೆಯ ಅಭ್ಯಾಸ. ಆದರೆ ಈ ರೋಗ ಜಾಸ್ತಿ ಬರುವುದು ರಾಡಿನಿಂದ ಅಲ್ಲ, ಉಸಿರಿನಿಂದ.

ನಿಮ್ಮ ಕಿಟಕಿಗಳು ತೆರೆಯುತ್ತವೆಯಾ, ಇಲ್ಲ ಗಾಜು ಅಂಟಿಸಿಬಿಟ್ಟಿದ್ದಾರಾ, ಅದನ್ನು ಹೇಳಲೇ ಇಲ್ಲ. ಒಂದು ಕೆಲಸ ಮಾಡಿ. ಹಾಲಿನ ನಡುವೆ, ಆಮೇಲೆ ನಾಲ್ಕೂ ಮೂಲೆಯಲ್ಲಿ, ಒಂದೊಂದು ಗಂಧದಕಡ್ಡಿ ಹಚ್ಚಿಡಿ. ಹೊಗೆ ಎಲ್ಲಿ ನಿಂತೇ ಇರುತ್ತದೋ ಅಲ್ಲಿ ಉಸಿರೂ ನಿಂತಿರುತ್ತದೆ.


ಗರಡಿ ಮೊಮ್ಮಗ

ಅಕ್ಕ ಹೇಳಿದ್ದು ಓದಿ ನಮ್ಮ ತಾತನ ಗರಡಿಮನೆ ನೆನಪಾಯಿತು. ಬಾಗಿಲು ಎಷ್ಟು ಕುಳ್ಳು ಅಂದರೆ ತಲೆ ಬಗ್ಗಿಸದೆ ಒಳಗೆ ಹೋಗುವ ಹಾಗಿಲ್ಲ. ಕಿಟಕಿ ಅನ್ನುವುದು ಅಂಗೈ ಅಗಲದ ಕಿಂಡಿ. ಒಳಗೆ ಕೆಮ್ಮಣ್ಣು, ಎಣ್ಣೆ ವಾಸನೆ, ಹತ್ತು ಜನ ಬಸ್ಕಿ ಹೊಡೆದರೆ ಗೋಡೆಯೇ ಬೆವರುತ್ತಿತ್ತು. ಬೆವರಿದ ಮೈಗೆ ಗಾಳಿ ತಾಗಬಾರದು ಅಂತ ಹಿರಿಯರು ಹಾಗೆ ಕಟ್ಟಿದ್ದು. ಕುಸ್ತಿಗೆ ಅದು ಸರಿ, ಈ ಕಾಯಿಲೆಗೆ ಅದಕ್ಕಿಂತ ಒಳ್ಳೆಯ ಮನೆ ಸಿಗಲಿಕ್ಕಿಲ್ಲ. ಕಳೆದ ಮಾರ್ಚ್‌ನಿಂದ ಬೀಗ ಹಾಕಿದ್ದೇವೆ, ಯುಗಾದಿಗೆ ಪೂಜೆ ಮಾಡಿ ಮತ್ತೆ ಬೀಗ.

ನಮ್ಮ ಹುಡುಗರು ಬೆಳಿಗ್ಗೆ ಜೂನಿಯರ್ ಕಾಲೇಜು ಮೈದಾನದಲ್ಲಿ ದಂಡ, ಬಸ್ಕಿ ಹೊಡೆಯುತ್ತಾರೆ. ಅಮಾನಿಕೆರೆ ಸುತ್ತ ಓಡುವವರೂ ಇದ್ದಾರೆ. ಯಾರೂ ಸೊರಗಿಲ್ಲ. ನಿಮ್ಮ ಕಟ್ಟಡಕ್ಕೆ ತಾರಸಿ ಇದೆಯಾ? ಇದ್ದರೆ ಓಡುವುದು, ಸ್ಕಿಪ್ಪಿಂಗ್, ಬಸ್ಕಿ, ಅಂದರೆ ಏದುಸಿರು ಬರಿಸುವುದೆಲ್ಲ ಮೇಲಕ್ಕೆ ಸಾಗಿಸಿ. ತೂಕ ಎತ್ತುವವರು ಮಾತ್ರ ಒಳಗಿರಲಿ. ಸೆಟ್ಟಿಗೂ ಸೆಟ್ಟಿಗೂ ನಡುವೆ ಅವರು ಹೇಗಿದ್ದರೂ ಫೋನ್ ನೋಡುತ್ತಾ ಕೂತಿರುತ್ತಾರೆ.


ಅಂತರಗಂಗೆ ಮೆಟ್ಟಿಲು

ಕೋಲಾರದಿಂದ. ನಾನು ಓನರ್ ಅಲ್ಲ, ದುಡ್ಡು ಕಟ್ಟುವವನು, ಹಾಗಾಗಿ ಆ ಕಡೆಯ ಮಾತು ಹೇಳುತ್ತೇನೆ.

ಕಳೆದ ವರ್ಷ ಆಗಸ್ಟ್ 5ಕ್ಕೆ ಜಿಮ್ ತೆರೆದಾಗ ನಮ್ಮೂರಿನ ಒಂದು ಜಿಮ್‌ಗೆ ಮೊದಲ ದಿನವೇ ಓಡಿದ್ದೆ. ಬಾಗಿಲಲ್ಲಿ ರಿಜಿಸ್ಟರ್, ಹೆಸರು ಬರೆಸಿದರು, ಆಕ್ಸಿಮೀಟರ್ ಹಾಕಿದರು. 95ಕ್ಕಿಂತ ಕಡಿಮೆ ಇದ್ದರೆ ಒಳಗೆ ಬಿಡಬಾರದು ಅಂತ ನಿಯಮ ಇತ್ತಲ್ಲ, ಅದಕ್ಕೆ. ಒಂದು ವಾರ ಎಲ್ಲ ಚೆನ್ನಾಗಿತ್ತು. ಎರಡನೇ ವಾರ ಆಕ್ಸಿಮೀಟರ್ ಸೆಲ್ ಮುಗಿಯಿತು, ಹೊಸದು ಬರಲೇ ಇಲ್ಲ. ಮೂರನೇ ವಾರ ರಿಜಿಸ್ಟರ್‌ನಲ್ಲಿ ಎಲ್ಲರಿಗೂ 98 ಅಂತ ಒಂದೇ ಕೈಬರಹ. ಸಾಮಾನು ತಂದಿಟ್ಟಿದ್ದೀರಿ, ಸಂತೋಷ. ನಲವತ್ತನೇ ದಿನವೂ ಅದನ್ನು ಮಾಡಿಸುವವರು ಯಾರು ಅಂತ ಈಗಲೇ ಗೊತ್ತು ಮಾಡಿ.

ನನಗೆ ಏಪ್ರಿಲ್ ಕೊನೆಯಲ್ಲಿ ಬಂತು, ಮನೆಯಲ್ಲೇ ಇದ್ದು ವಾಸಿಯಾದೆ. ಹತ್ತನೇ ದಿನ ಹೀರೋ ಥರ ಹಳೆಯ ತೂಕವನ್ನೇ ಎತ್ತಲು ಹೋದೆ. ಎರಡನೇ ಸೆಟ್ಟಿಗೆ ಎದೆ ಡವಡವ, ಕಣ್ಣು ಕತ್ತಲೆ, ನೆಲದ ಮೇಲೆ ಕೂತುಬಿಟ್ಟೆ. ಡಾಕ್ಟರ್ ಚೆನ್ನಾಗಿ ಉಗಿದರು. ಅಂತರಗಂಗೆ ಮೆಟ್ಟಿಲು ಮೊದಲು ಒಂದೇ ಉಸಿರಿಗೆ ಹತ್ತುತ್ತಿದ್ದೆ, ಈಗ ನಡುವೆ ಕೋತಿಗಳ ಪಕ್ಕ ಎರಡು ಸಲ ಕೂತು ಹತ್ತುತ್ತೇನೆ. ನಿಮ್ಮ ಮೆಂಬರ್‌ಗಳಲ್ಲಿ ಅರ್ಧ ಜನ ನನ್ನ ಹಾಗೇ ಇರಬಹುದು, ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ನೀವೇ ಕೇಳಿ.


ಬಿಳಿ ಚಪ್ಪಲಿ

ಕೋಲಾರದ ತಮ್ಮ ಹೇಳಿದ್ದು ಬಹಳ ಮುಖ್ಯ. ಸೌಮ್ಯವಾಗಿ ಬಂದು ಹೋದವರೂ ಲಕ್ಷಣ ಪೂರ್ತಿ ಹೋಗಿ ಕಡೇ ಪಕ್ಷ ಏಳು ದಿನ ಆದ ಮೇಲೆ ಶುರು ಮಾಡಬೇಕು. ಅದೂ ಮೊದಲ ಎರಡು ವಾರ ನಡಿಗೆಯಂಥ ಹಗುರ ವ್ಯಾಯಾಮ ಮಾತ್ರ. ಎದೆನೋವು, ಡವಡವ, ತಲೆಸುತ್ತು ಇದ್ದವರು ಡಾಕ್ಟರ್ ಹತ್ತಿರ ತೋರಿಸಿಕೊಂಡೇ ಬರಲಿ. ಆಸ್ಪತ್ರೆಗೆ ಸೇರಿ ಬಂದವರ ವಿಷಯದಲ್ಲಂತೂ ನೀವು ಕೋಚ್ ಆಗಿ ಏನೂ ತೀರ್ಮಾನ ಮಾಡಬೇಡಿ.


ಚಿಕ್ಕಬಳ್ಳಾಪುರ ಯೋಗ ಮೇಡಂ

ನಾನು ಮನೆ ಮಹಡಿಯ ಮೇಲೆ ಹೆಂಗಸರಿಗೆ ಯೋಗ ಹೇಳಿಕೊಡುತ್ತೇನೆ. ಕೊರಿಯಾದ ವಿಷಯ ನಾನೂ ಓದಿದ್ದೆ. ಅಲ್ಲಿ ಸೋಂಕಿದ್ದ ಒಬ್ಬ ಶಿಕ್ಷಕಿ ಏಳೆಂಟು ಜನರ ಯೋಗ, ಪಿಲಾಟೆಸ್ ಕ್ಲಾಸನ್ನೂ ತೆಗೆದುಕೊಂಡಿದ್ದರು, ಅದರಲ್ಲಿ ಒಬ್ಬರಿಗೂ ಬರಲಿಲ್ಲ. ಹಾಗಾಗಿ ಎಲ್ಲ ವ್ಯಾಯಾಮವನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ. ಜಿಮ್‌ನಲ್ಲಿ ಹಾಡಿಗೆ ಕುಣಿಯುವ ಜುಂಬಾ ಕ್ಲಾಸ್ ಇದ್ದರೆ ಸದ್ಯಕ್ಕೆ ನಿಲ್ಲಿಸಿ, ಅದೇ ದೊಡ್ಡ ಅಪಾಯ. ಹಾಡಿನ ಶಬ್ದವನ್ನೂ ತಗ್ಗಿಸಿ. ಹಾಡು ಜೋರಾದರೆ ಕೋಚ್ ಕೂಗುತ್ತಾನೆ, ಕೂಗಿದರೆ ಎಂಜಲು ಹಾರುತ್ತದೆ, ಅಲ್ವಾ?

ನಾನು ಕ್ಲಾಸಿನ ಕೊನೆಯಲ್ಲಿ ಮಾಡಿಸುತ್ತಿದ್ದ ನಗೆಯೋಗ ಬಿಟ್ಟಿದ್ದೇನೆ. ಕೇಂದ್ರದ ನಿಯಮದಲ್ಲೇ ಅದು ಬೇಡ ಅಂತಿದೆ. ನಮ್ಮ ಹೆಂಗಸರು ಅದಿಲ್ಲದೆಯೂ ನಗುತ್ತಾರೆ, ಅದನ್ನು ನಿಲ್ಲಿಸಲು ನನ್ನಿಂದ ಆಗಿಲ್ಲ.


ಮೊದಲನೇ ಮಹಡಿ, ಜೂನ್ 24

ಎಲ್ಲರಿಗೂ ಥ್ಯಾಂಕ್ಸ್. 21ಕ್ಕೆ ತೆಗೆಯಲಿಲ್ಲ, ಮೊದಲು ಗಂಧದಕಡ್ಡಿ ಹಚ್ಚಿದೆ. ರಸ್ತೆ ಕಡೆ ಪೂರ್ತಿ ಗಾಜು, ಅಕ್ಕ ಅನುಮಾನಪಟ್ಟ ಹಾಗೆ ಅಂಟಿಸಿದ್ದೇ. ಬಾಗಿಲ ಹತ್ತಿರ ಹೊಗೆ ಸರಸರ ಹೋಯಿತು. ಟ್ರೆಡ್‌ಮಿಲ್‌ಗಳಿರುವ ಮೂಲೆಯಲ್ಲಿ ಮಾತ್ರ ಕಡ್ಡಿ ಪೂರ್ತಿ ಉರಿದು ಬೂದಿಯಾದರೂ ಹೊಗೆ ಅಲ್ಲೇ ಸುತ್ತುತ್ತಿತ್ತು. ಆ ಹುಡುಗ ದಿನಾ ಓಡುತ್ತಿದ್ದದ್ದು ಅದೇ ಮೂಲೆಯಲ್ಲಿ. ಸ್ವಲ್ಪ ಹೊತ್ತು ಅಲ್ಲೇ ಕೂತಿದ್ದೆ.

ಕಟ್ಟಡದ ಓನರ್‌ಗೆ ಕೈಮುಗಿದು ಎರಡು ಗಾಜು ತೆಗೆಸಿ ಜಾಲರಿ ಹಾಕಿಸಿದೆ. ಕೆಳಗಿನ ಅಂಗಡಿಯಿಂದಲೇ ಎರಡು ಎಕ್ಸಾಸ್ಟ್ ಫ್ಯಾನ್, ಸಾಲಕ್ಕೆ. ಟ್ರೆಡ್‌ಮಿಲ್ ಮೂರರಲ್ಲಿ ಎರಡನ್ನು ಮುಚ್ಚಿದ್ದೇನೆ, ಉಳಿದದ್ದು ಜಾಲರಿ ಪಕ್ಕ. ಸ್ಕಿಪ್ಪಿಂಗ್, ಬಸ್ಕಿ ತಾರಸಿಗೆ. ಜುಂಬಾ ಇಲ್ಲ. ಒಂದು ಬ್ಯಾಚ್‌ಗೆ ಎಂಟೇ ಜನ, ಮುಕ್ಕಾಲು ಗಂಟೆ, ನಡುವೆ ಅರ್ಧ ಗಂಟೆ ಹಾಲ್ ಖಾಲಿ. ಮಾಸ್ಕ್ ತೆಗೆದವರು ಮೆಟ್ಟಿಲು ಇಳಿಯಬೇಕು. ಮನೆಯಲ್ಲಿ ಲಸಿಕೆ ಆಗದ ವಯಸ್ಸಾದವರಿದ್ದರೆ ಈಗ ಬರಬೇಡಿ, ದುಡ್ಡು ಹೋಗುವುದಿಲ್ಲ, ತಿಂಗಳು ಮುಂದಕ್ಕೆ ಹಾಕುತ್ತೇನೆ ಅಂತ ಎಲ್ಲರಿಗೂ ಮೆಸೇಜ್ ಮಾಡಿದೆ. 21ರಿಂದ 18 ದಾಟಿದವರಿಗೂ ಉಚಿತ ಲಸಿಕೆ ಶುರುವಾಗಿದೆ, ಹುಡುಗರನ್ನು ಕ್ಯೂಗೆ ಕಳಿಸುತ್ತಿದ್ದೇನೆ. ಆದರೆ ಕೋವಿಶೀಲ್ಡ್ ಎರಡನೇ ಡೋಸ್‌ಗೆ 12ರಿಂದ 16 ವಾರ ಕಾಯಬೇಕು, ಅಲ್ಲಿಯವರೆಗೆ ಈ ಎಂಟೇ.

ರಾತ್ರಿ 7ಕ್ಕೆ ಕರ್ಫ್ಯೂ, ಹಾಗಾಗಿ ಸಂಜೆಯ ದೊಡ್ಡ ಬ್ಯಾಚ್ ಇಲ್ಲವೇ ಇಲ್ಲ. ಈ ಲೆಕ್ಕದಲ್ಲಿ ಬಾಡಿಗೆ ಹುಟ್ಟುತ್ತದೆ, ಕಂತು ಹುಟ್ಟುವುದಿಲ್ಲ. ಕೋಚ್ ಬೆಳಗಿನ ಹೊತ್ತು ಇಲ್ಲಿ, ಆಮೇಲೆ ಯಾರ್ಡ್.


ಬಿಳಿ ಚಪ್ಪಲಿ

ಫ್ಯಾನ್ ಗಾಳಿಯನ್ನು ಹೊರಗೆ ತಳ್ಳುತ್ತಿದೆಯಾ ನೋಡಿಕೊಂಡಿರಾ?


ಮೊದಲನೇ ಮಹಡಿ

ಈಗ ಹೋಗಿ ಕಡ್ಡಿ ಹಚ್ಚಿ ನೋಡಿದೆ ಅಕ್ಕ. ಒಂದು ಸರಿ ಇದೆ. ಇನ್ನೊಂದನ್ನು ಎಲೆಕ್ಟ್ರಿಷಿಯನ್ ಉಲ್ಟಾ ಕೂರಿಸಿದ್ದಾನೆ, ಹೊಗೆ ಎಲ್ಲ ನನ್ನ ಮುಖಕ್ಕೇ ಬಂತು. ನಾಳೆ ಬೆಳಿಗ್ಗೆ 6ರ ಬ್ಯಾಚ್ ಕ್ಯಾನ್ಸಲ್, ಅವನು ಬಂದು ಸರಿ ಮಾಡಿದ ಮೇಲೆ ಬಾಗಿಲು.