‘ಕವರ್’ ಎಂಬುದಕ್ಕೆ ಕನ್ನಡ ಪದ ಬೇಕು (ತುರ್ತು)

ಮಾನ್ಯರೇ,
ಡಾಫ್ನಿ ಪಾರ್ಕ್ (1921–2010) ಕುರಿತ ಲೇಖನ ಅನುವಾದಿಸುತ್ತಿದ್ದೇನೆ. ಗೂಢಚರ್ಯೆಯನ್ನು ಮುಚ್ಚಿಡಲು ಹೊರಗೆ ತೋರಿಸುವ ಹುದ್ದೆಗೆ ಇಂಗ್ಲಿಷಿನಲ್ಲಿ ‘ಕವರ್’ ಎನ್ನುತ್ತಾರೆ. ನಾಳೆ ಬೆಳಿಗ್ಗೆ ಪುಟ ಅಚ್ಚಿಗೆ ಹೋಗುತ್ತದೆ. ಬ್ರಿಟನ್ನಿನ ವಿದೇಶಿ ಗುಪ್ತಚರ ಸಂಸ್ಥೆ ಎಂಐ6ರ ಅಧಿಕಾರಿಯಾಗಿದ್ದ ಇವರು 1954–56ರಲ್ಲಿ ಮಾಸ್ಕೋ ರಾಯಭಾರ ಕಚೇರಿಯಲ್ಲಿ ಸೆಕೆಂಡ್ ಸೆಕ್ರೆಟರಿ, 1959ರಿಂದ ಕಾಂಗೋದ ಲಿಯೊಪೋಲ್ಡ್‌ವಿಲ್‌ನಲ್ಲಿ ಕಾನ್ಸುಲ್. ಹೆಸರು ಸ್ವಂತದ್ದೇ, ಹುದ್ದೆಯೂ ನಿಜವೇ. ಮುಚ್ಚಿಟ್ಟದ್ದು ಇನ್ನೊಂದು ಕೆಲಸವನ್ನು. ‘ವೇಷ’ ಅಂದರೆ ಗಡ್ಡ ಅಂಟಿಸಿಕೊಂಡಂತೆ ಕೇಳುತ್ತದೆ. ‘ಸೋಗು’ ಅಂದರೆ ಹುದ್ದೆಯೇ ಸುಳ್ಳಾಗುತ್ತದೆ. ಏನು ಬರೆಯಲಿ?

———

ಹೊಸದು ಟಂಕಿಸಬೇಕಿಲ್ಲ. ಕೌಟಿಲ್ಯನ ಅರ್ಥಶಾಸ್ತ್ರದಲ್ಲೇ ಇದೆ: ತಾಪಸವ್ಯಂಜನ, ವೈದೇಹಕವ್ಯಂಜನ, ಗೃಹಪತಿಕವ್ಯಂಜನ. ಅಂದರೆ ತಪಸ್ವಿ, ವ್ಯಾಪಾರಿ, ಬೇಸಾಯಗಾರರ ರೂಪದಲ್ಲಿರುವ ಗೂಢಚರರು. ಈ ಗೃಹಪತಿಕ ತನಗೆ ಕೊಟ್ಟ ಹೊಲದಲ್ಲಿ ನಿಜಕ್ಕೂ ಬೇಸಾಯ ಮಾಡಿಸುತ್ತಲೇ ಗೂಢಚರ್ಯೆ ನಡೆಸುವವನು. ನಿಮ್ಮ ಸೆಕ್ರೆಟರಿಯ ಸ್ಥಿತಿಯೂ ಅದೇ. ಶಾಮಶಾಸ್ತ್ರಿಗಳು 1909ರಲ್ಲಿ ಮೈಸೂರಿನಲ್ಲೇ ಅಚ್ಚುಹಾಕಿಸಿದ ಗ್ರಂಥವಿರುವಾಗ ಬೇರೆಡೆ ಹುಡುಕುವುದೇಕೆ? ‘ದೌತ್ಯವ್ಯಂಜನ’ ಎನ್ನಿ.

———

ಬೇಡ. ವ್ಯಂಜನ ಅಂದರೆ ಇವತ್ತಿನ ಓದುಗರಿಗೆ ಕ, ಖ, ಗ. ಇಲ್ಲವೇ ಎಲೆಯ ಮೇಲಿನ ಪಲ್ಯ, ಕೋಸಂಬರಿ.

‘ಮರೆ’ ಸಾಕು. ಮರದ ಮರೆ, ಬಾಗಿಲ ಮರೆ ಅನ್ನುವಾಗ ಮರವೂ ಸುಳ್ಳಲ್ಲ, ಬಾಗಿಲೂ ಸುಳ್ಳಲ್ಲ. ‘ಕಾನ್ಸುಲ್ ಹುದ್ದೆಯ ಮರೆಯಲ್ಲಿ’ ಅಂತ ಬರೆಯಿರಿ. ‘ಗೂಢಚಾರಿಣಿ’ ಅಂತೇನಾದರೂ ಬರೆದಿದ್ದರೆ ಅದನ್ನೂ ತೆಗೆಯಿರಿ. ‘ಬೇಹು’ ಅಪ್ಪಟ ದ್ರಾವಿಡ: ತಮಿಳಿನಲ್ಲಿ ವೇವು, ತೆಲುಗಿನಲ್ಲಿ ವೇಗು, ನಮ್ಮಲ್ಲಿ ವಕಾರ ಬಕಾರವಾಗಿದೆ. ಬೇಹುಗಾರ್ತಿ ಅನ್ನಲು ಸಂಕೋಚ ಯಾಕೆ?

———

ಆ ‘ಗಾರ’ ಬಂದದ್ದು ಸಂಸ್ಕೃತದ ‘ಕಾರ’ದಿಂದ. ಶುದ್ಧಿ ಮಾಡುವುದಾದರೆ ಪೂರ್ತಿ ಮಾಡಿ. ಸೆಕ್ರೆಟರಿ, ಕಾನ್ಸುಲ್ ಎರಡನ್ನೂ ನೀವು ಮುಟ್ಟಲಿಲ್ಲ. ಇಂಗ್ಲಿಷಿಗೆ ಬಾಗಿಲು ತೆರೆದಿಟ್ಟು ಸಂಸ್ಕೃತವನ್ನು ಮಾತ್ರ ಹೊರಗೆ ನಿಲ್ಲಿಸುವುದು ಯಾವ ನ್ಯಾಯ?

———

‘ಗಾರ’ ಕನ್ನಡದ ಪ್ರತ್ಯಯವಾಗಿ ಸಾವಿರ ವರ್ಷವಾಯಿತು. ಜನರ ಬಾಯಲ್ಲಿ ಪಳಗಿದ್ದು ನಮ್ಮದು. ದೌತ್ಯವ್ಯಂಜನವನ್ನು ಯಾರು ಆಡುತ್ತಾರೆ?

———

ಇಬ್ಬರಿಗೂ ವಂದನೆ. ‘ಮರೆ’ ಹಾಕಿದೆ, ವಾಕ್ಯ ಕೂತಿತು. ಹನೋಯ್ ಭಾಗದಲ್ಲಿ ಮಾತ್ರ ಇನ್ನೂ ಅನುಮಾನ: 1969ರಲ್ಲಿ ಅವರು ಅಲ್ಲಿ ಕಾನ್ಸುಲ್ ಜನರಲ್, ಆದರೆ ಉತ್ತರ ವಿಯೆಟ್ನಾಂ ಆ ಹುದ್ದೆಗೆ ಮಾನ್ಯತೆಯನ್ನೇ ಕೊಟ್ಟಿರಲಿಲ್ಲ. ಅಲ್ಲಿ ‘ಮರೆ’ ಬಿಟ್ಟು ‘ಕಾನ್ಸುಲ್ ಜನರಲ್ ಎಂಬ ಹೆಸರಿನಲ್ಲಿ’ ಅಂತ ಬರೆದಿದ್ದೇನೆ. ತಪ್ಪಿದ್ದರೆ ರಾತ್ರಿ ಹತ್ತರೊಳಗೆ ತಿಳಿಸಿ. ಕಾಂಗೋದ ಮೊದಲ ಪ್ರಧಾನಿ ಲುಮುಂಬಾ ಅವರ ಆಪ್ತ ಕಾರ್ಯದರ್ಶಿಯನ್ನು ಪಾರ್ಕ್ ತಮ್ಮ ಪುಟ್ಟ ಸಿಟ್ರೊಯೆನ್ ಕಾರಿನಲ್ಲಿ ಅಡಗಿಸಿ ಪಾರುಮಾಡಿದ್ದು ಡಿಕ್ಕಿಯಲ್ಲಿ. ಆ ‘ಡಿಕ್ಕಿ’ಯನ್ನು ದಯವಿಟ್ಟು ಯಾರೂ ತಿದ್ದಬೇಡಿ.