ಪದಚರ್ಚೆ: ‘ಅನ್‌ನಂಬರ್ಡ್ ಇಂಟರ್‌ಫೇಸ್’ಗೆ ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ನೆಟ್‌ವರ್ಕ್ ಕೆಲಸಕ್ಕೆ ಹೊಸದಾಗಿ ಸೇರಿದವರಿಗಾಗಿ ರೂಟಿಂಗ್ (ಮಾಹಿತಿಗೆ ಜಾಲದಲ್ಲಿ ದಾರಿ ತೋರಿಸುವ ಕೆಲಸ) ಪರೀಕ್ಷಿಸಿ ನೋಡುವ ಬಗ್ಗೆ ಟಿಪ್ಪಣಿ ಬರೆಯುತ್ತಿದ್ದೇನೆ. ‘ಅನ್‌ನಂಬರ್ಡ್ ಇಂಟರ್‌ಫೇಸ್’ ಅನ್ನೋ ಮಾತಿನ ಹತ್ತಿರ ಬಂದು ನಿಂತಿದ್ದೇನೆ. ಇಂಟರ್‌ಫೇಸ್ ಅಂದರೆ ರೂಟರಿಗೆ ತಂತಿ ಸೇರುವ ಬಾಗಿಲು. ತನ್ನದೇ ಐಪಿ ವಿಳಾಸವಿಲ್ಲದೆ, ರೂಟರಿನ ಲೂಪ್‌ಬ್ಯಾಕ್ (ಯಾವ ತಂತಿಗೂ ಸೇರದ, ರೂಟರಿನೊಳಗಿನ ಇಂಟರ್‌ಫೇಸ್) ವಿಳಾಸದಲ್ಲೇ ಕೆಲಸ ಸಾಗಿಸುವ ಇಂಟರ್‌ಫೇಸ್ ಅದು. ಇದರಿಂದ ಎರಡು ರೂಟರ್‌ಗಳ ನಡುವಿನ ಒಂದೊಂದು ತಂತಿಗೂ ಬೇರೆ ಬೇರೆ ವಿಳಾಸ ಖರ್ಚು ಮಾಡೋದು ತಪ್ಪುತ್ತದೆ.

ಮೊದಲು ‘ಸಂಖ್ಯೆಯಿಲ್ಲದ ಇಂಟರ್‌ಫೇಸ್’ ಎಂದು ಬರೆದೆ. ಅದನ್ನು ಓದಿ ಲಿನಕ್ಸ್‌ನಲ್ಲಿ ಪರೀಕ್ಷೆ ಮಾಡಿದ ಹುಡುಗಿ, “ಸರ್, ಇದಕ್ಕೆ ಸಂಖ್ಯೆ ಇದೆಯಲ್ಲ?” ಅಂದಳು. ನಿಜ. ಇಂಟರ್‌ಫೇಸ್ ಪಟ್ಟಿಯ ಪ್ರತಿ ಹೆಸರಿನ ಹಿಂದೆಯೂ ಒಂದು ಸಂಖ್ಯೆ ಇರುತ್ತದೆ. ಓಎಸ್‌ಪಿಎಫ್ (ರೂಟರ್‌ಗಳು ಕೊಂಡಿಗಳ ಸುದ್ದಿ ಹಂಚಿಕೊಂಡು ದಾರಿ ಲೆಕ್ಕ ಹಾಕುವ ನಿಯಮಾವಳಿ) ಈ ಕೊಂಡಿಯ ಸುದ್ದಿಯನ್ನು ಉಳಿದ ರೂಟರ್‌ಗಳಿಗೆ ಸಾರುವಾಗ, ವಿಳಾಸ ಬರೆಯುವ ಜಾಗದಲ್ಲಿ ಆ ಸಂಖ್ಯೆಯನ್ನೇ ಬರೆಯಬೇಕು. ಓಎಸ್‌ಪಿಎಫ್‌ನ ನಿಯಮಗಳನ್ನು ಬರೆದಿಟ್ಟ ದಾಖಲೆ, 1998ರ ಆರ್‌ಎಫ್‌ಸಿ 2328, ಹೇಳುವುದೇ ಹಾಗೆ. ಅಂದರೆ ಇದಕ್ಕೆ ಇರೋದೇ ಸಂಖ್ಯೆ, ಇಲ್ಲದ್ದು ವಿಳಾಸ! ನನ್ನ ಪದ ಪೂರ್ತಿ ಉಲ್ಟಾ ಹೇಳುತ್ತಿತ್ತು.

ಆಮೇಲೆ ‘ಎರವಲು ವಿಳಾಸದ ಇಂಟರ್‌ಫೇಸ್’ ಎಂದು ನೋಡಿದೆ. ಕಿವಿಗೆ ಹಿತವಾಗಿದೆ. ಆದರೆ ಎರವಲು ಕೊಟ್ಟವರ ಕೈ ಖಾಲಿಯಾಗುತ್ತದೆ, ಅಲ್ವಾ? ಇಲ್ಲಿ ವಿಳಾಸ ಲೂಪ್‌ಬ್ಯಾಕ್ ಹತ್ತಿರವೂ ಉಳಿದಿರುತ್ತದೆ, ಹತ್ತು ಇಂಟರ್‌ಫೇಸ್‌ಗಳು ಒಟ್ಟಿಗೇ ಅದನ್ನು ಬಳಸಬಹುದು. ‘ಕೇರಾಫ್’ ನನಗೆ ಜಾಸ್ತಿ ಇಷ್ಟವಾಗಿತ್ತು. ಬಾಡಿಗೆ ರೂಮಿನ ಹುಡುಗನಿಗೆ ಮನೆ ಮಾಲೀಕರ ಹೆಸರಿನಲ್ಲಿ ಕಾಗದ ಬರುವ ಹಾಗೆ! ಆದರೆ ಮೊಬೈಲ್ ಐಪಿಯಲ್ಲಿ (ಜಾಲ ಬದಲಿಸುತ್ತಾ ಓಡಾಡುವ ಸಾಧನಗಳ ಐಪಿ ವ್ಯವಸ್ಥೆ) ‘ಕೇರಾಫ್ ವಿಳಾಸ’ಕ್ಕೆ ಮೊದಲೇ ಬೇರೆ ಅರ್ಥ ಇದೆ.

ಸದ್ಯಕ್ಕೆ ‘ಸ್ವಂತ ವಿಳಾಸವಿಲ್ಲದ’ ಎಂದು ಇಟ್ಟಿದ್ದೇನೆ. ಓಎಸ್‌ಪಿಎಫ್‌ಗೆ ಅದು ಸರಿ. ತೊಡಕು ಬಂದದ್ದು ಬಿಜಿಪಿ (ರೂಟರ್‌ಗಳು ತಮಗೆ ಗೊತ್ತಿರುವ ದಾರಿಗಳನ್ನು ಪರಸ್ಪರ ಹೇಳಿಕೊಳ್ಳುವ ಇನ್ನೊಂದು ನಿಯಮಾವಳಿ) ಪರೀಕ್ಷೆಯಲ್ಲಿ. ಅಲ್ಲಿ ಅನ್‌ನಂಬರ್ಡ್ ಅಂದರೂ ಎರಡೂ ತುದಿಗೆ ಎಫ್‌ಇ80 ಎಂದು ಶುರುವಾಗುವ ಐಪಿವಿ6 ವಿಳಾಸ ತಾನಾಗಿಯೇ ಬಂದಿರುತ್ತದೆ. ರೂಟರ್‌ಗಳ ಮಾತುಕತೆ ನಡೆಯುವುದೇ ಅದರ ಮೇಲೆ. ಹಳೆಯ ಮಾದರಿಯ ಐಪಿವಿ4 ವಿಳಾಸಗಳ ದಾರಿಗಳಿಗೂ ಅದೇ ಮುಂದಿನ ಹೆಜ್ಜೆ, ಅಂದರೆ ಮಾಹಿತಿಯನ್ನು ಮುಂದೆ ಕಳಿಸಬೇಕಾದ ರೂಟರಿನ ವಿಳಾಸ. ಅದೂ ಸ್ವಂತದ ವಿಳಾಸವೇ. ನಾವು ಕೊಟ್ಟದ್ದಲ್ಲ, ಅಷ್ಟೆ.

ಹಾಗಾಗಿ ‘ವಿಳಾಸ ಕೊಡದ ಇಂಟರ್‌ಫೇಸ್’ ಅನ್ನಲು ಹೋದೆ. ಆದರೆ ಅದನ್ನು ಓದಿದವರಿಗೆ ಇಂಟರ್‌ಫೇಸೇ ಯಾರಿಗೋ ವಿಳಾಸ ಕೊಡುತ್ತಿಲ್ಲ ಅನ್ನಿಸುತ್ತದೆ. ‘ವಿಳಾಸ ಹಾಕದ ಕವರು’ ಅಂದರೆ ಆ ಗೊಂದಲ ಯಾರಿಗೂ ಬರುವುದಿಲ್ಲ. ಅದೇ ಜಾಡಿನಲ್ಲಿ ‘ವಿಳಾಸ ಹಾಕದ ಇಂಟರ್‌ಫೇಸ್’ ಅಂದರೆ ನಿಮ್ಮ ಕಿವಿಗೆ ಒಗ್ಗುತ್ತದೆಯೇ? ಇದಕ್ಕಿಂತ ಚಿಕ್ಕ ಪದ ಹೊಳೆದರೆ ದಯವಿಟ್ಟು ತಿಳಿಸಿ.